"ಚಿಟ್ಟೆ ಮತ್ತೆ ಯಾವಾಗ ಮೊಟ್ಟೆ ಆಗುತ್ತದೆ?": ಐದು ವರ್ಷದ ಮಕ್ಕಳಿಗೆ ಜೀವನಚಕ್ರವನ್ನು ಹೇಗೆ ಹೇಳುತ್ತೀರಿ?

ಮೊದಲ ಬೆಂಚು

ನಾನು ಐದಾರು ವರ್ಷದ ಮಕ್ಕಳಿಗೆ ಪಾಠ ಹೇಳುವವಳು. ಕಳೆದ ವಾರ ಚಿಟ್ಟೆಯ ಜೀವನಚಕ್ರವನ್ನು ಎಲ್ಲರೂ ಮಾಡುವ ಹಾಗೆಯೇ ಮಾಡಿ ಮುಗಿಸಿದೆ. ದುಂಡಗಿನ ಒಂದು ಹಾಳೆ, ಅದರ ಸುತ್ತ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಚಿತ್ರಗಳು, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು. ಮಕ್ಕಳು ಕತ್ತರಿಸಿ ಅಂಟಿಸಬೇಕು, ಅಷ್ಟೇ. ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಸರಿಯಾದ ಕ್ರಮದಲ್ಲಿ ಅಂಟಿಸಿದ್ದನ್ನು ಕಂಡು ಪಾಠ ತಲುಪಿತೆಂದು ನಿಶ್ಚಿಂತಳಾಗಿದ್ದೆ.

ಆಗ ಒಬ್ಬ ಪುಟ್ಟ ಹುಡುಗಿ ತನ್ನ ಹಾಳೆಯನ್ನು ಹಿಡಿದುಕೊಂಡು ಬಂದು, ಚಿಟ್ಟೆಯಿಂದ ಮೊಟ್ಟೆಯ ಕಡೆಗೆ ಹೋಗುವ ಬಾಣದ ಮೇಲೆ ಬೆರಳಿಟ್ಟು, "ಚಿಟ್ಟೆ ಮತ್ತೆ ಯಾವಾಗ ಮೊಟ್ಟೆ ಆಗುತ್ತದೆ?" ಎಂದು ಕೇಳಿದಳು. ಚಿಟ್ಟೆ ಮೊಟ್ಟೆ ಆಗುವುದಿಲ್ಲ, ಮೊಟ್ಟೆ ಇಡುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, "ಹಾಗಾದರೆ ಈ ಚಿಟ್ಟೆ ಎಲ್ಲಿಗೆ ಹೋಯಿತು?" ಎಂದಳು. ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕುತೂಹಲಕ್ಕೆ ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದರೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಚಿಟ್ಟೆಯು ವಯಸ್ಸಾದ ಮೇಲೆ ರೆಕ್ಕೆ ಮಡಚಿಕೊಂಡು, ಮುದುಡಿ, ಪುನಃ ಮೊಟ್ಟೆಯಾಗಿಬಿಡುತ್ತದೆ ಎಂದೇ ನಂಬಿದ್ದಾರೆ. ಬಾಣದ ಗುರುತು ಉಳಿದ ಮೂರು ಕಡೆಗಳಲ್ಲಿ "ಆಗುತ್ತದೆ" ಎಂಬ ಅರ್ಥ ಕೊಡುವಾಗ ನಾಲ್ಕನೆಯ ಕಡೆ ಮಾತ್ರ "ಇಡುತ್ತದೆ" ಎಂದು ಅವರು ಊಹಿಸಿಕೊಳ್ಳುವುದಾದರೂ ಹೇಗೆ?

ಈಗ ನನ್ನ ಪ್ರಶ್ನೆಗಳು ಇವು. ಆ ದುಂಡು ಚಿತ್ರವನ್ನು ಇಟ್ಟುಕೊಳ್ಳಬೇಕೇ, ಬಿಡಬೇಕೇ? ಜೀವಂತ ಹುಳುವನ್ನು ತರಗತಿಗೆ ತರುವುದು ಒಳ್ಳೆಯದೇ? ಚಿಟ್ಟೆ ಸಾಯುತ್ತದೆ ಎಂಬ ಮಾತನ್ನು ಈ ವಯಸ್ಸಿನವರಿಗೆ ಹೇಳಬಹುದೇ?

ಇಬ್ಬರ ತಾಯಿ

ನನ್ನ ಚಿಕ್ಕ ಮಗನೂ ಇದನ್ನೇ ನಂಬಿದ್ದ. ಅವನ ಪ್ರಕಾರ ಕೋಳಿಯೂ ಹಾಗೆಯೇ ಮಾಡುತ್ತದೆ.

ಸಂಶಯಾತ್ಮ

ಐದು ವರ್ಷದ ಮಗುವಿಗೆ ಇಷ್ಟೆಲ್ಲ ಏಕೆ ಬೇಕು ಎಂಬುದು ನನಗೆ ಅರ್ಥವಾಗುತ್ತಿಲ್ಲ. ಹುಳುವೇ ಚಿಟ್ಟೆಯಾಗುತ್ತದೆ ಎಂಬ ಒಂದು ಬೆರಗು ಮನಸ್ಸಿನಲ್ಲಿ ನಿಂತರೆ ಈ ವಯಸ್ಸಿಗೆ ಸಾಕು. ಉಳಿದದ್ದನ್ನು ಮುಂದಿನ ತರಗತಿಗಳಲ್ಲಿ ತಿದ್ದಿಕೊಳ್ಳುತ್ತಾರೆ. ನಾವೆಲ್ಲರೂ ಅದೇ ದುಂಡು ಚಿತ್ರವನ್ನು ಬರೆದೇ ದೊಡ್ಡವರಾದವರಲ್ಲವೇ?

ಹಳೆಯ ಕನ್ನಡಕ

ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಾಗಿ ಹೇಳುತ್ತೇನೆ, ಸಂಶಯಾತ್ಮ ಅವರೇ: ಮುಂದಿನ ತರಗತಿಗಳಲ್ಲಿ ತಿದ್ದಿಕೊಳ್ಳುವುದಿಲ್ಲ. ಹದಿನಾರು ವರ್ಷದ ವಿದ್ಯಾರ್ಥಿಗಳು ಅದೇ ವೃತ್ತವನ್ನು ಇನ್ನಷ್ಟು ಅಂದವಾಗಿ ಬರೆದು ತಂದದ್ದನ್ನು ನೋಡಿದ್ದೇನೆ. ಅವರಿಗೂ ಈ ಹುಡುಗಿಯ ಪ್ರಶ್ನೆ ಹಾಕಿದರೆ ತಡವರಿಸುತ್ತಿದ್ದರು.

ದೋಷ ವೃತ್ತದ್ದಲ್ಲ, ವೃತ್ತ ಯಾರದ್ದು ಎಂದು ನಾವು ಹೇಳದಿರುವುದು ದೋಷ. ಚಕ್ರ ತಿರುಗುವುದು ಸಂತತಿಗೆ. ಒಂದೊಂದು ಜೀವಿಯದ್ದು ಆರಂಭವೂ ಅಂತ್ಯವೂ ಇರುವ ನೇರ ಗೆರೆ. ಒಂದು ಹೆಣ್ಣು ಚಿಟ್ಟೆ ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆಗಳನ್ನು ಇಡಬಲ್ಲದು, ಆದರೆ ದುಂಡು ಹಾಳೆಯಲ್ಲಿ ಒಂದು ಚಿಟ್ಟೆಗೆ ಒಂದೇ ಮೊಟ್ಟೆ. ಆದ್ದರಿಂದ ಆ ಹಾಳೆ ಒಂದೇ ಏಟಿಗೆ ಎರಡು ಸಂಗತಿಗಳನ್ನು ಮುಚ್ಚಿಹಾಕುತ್ತದೆ. ಮೊಟ್ಟೆಗಳು ಹಲವು ಎಂಬುದನ್ನು ಮತ್ತು ಅವುಗಳಲ್ಲಿ ಬಹುಪಾಲು ಚಿಟ್ಟೆಯಾಗುವುದೇ ಇಲ್ಲ ಎಂಬುದನ್ನು.

ನಾನು ಮೊಮ್ಮಕ್ಕಳೊಂದಿಗೆ ಮಾಡಿದ್ದು ಹೀಗೆ. ಒಂದು ಹುಳುವಿಗೆ ಒಂದು ಉದ್ದನೆಯ ಕಾಗದದ ಪಟ್ಟಿ. ಎಡತುದಿಯಲ್ಲಿ ಮೊಟ್ಟೆ, ಬಲತುದಿಯಲ್ಲಿ ಚಿಟ್ಟೆ, ಅದರ ಪಕ್ಕದಲ್ಲಿ ಒಂದು ಹಿಡಿ ಚುಕ್ಕೆಗಳು. ಅವು ಅದು ಇಟ್ಟ ಮೊಟ್ಟೆಗಳು. ಪಟ್ಟಿ ಅಲ್ಲಿಗೆ ಮುಗಿಯಿತು, ಆ ಚಿಟ್ಟೆಯೂ ಮುಗಿಯಿತು. ಈಗ ಪ್ರತಿಯೊಂದು ಚುಕ್ಕೆಯಿಂದಲೂ ಹೊಸ ಪಟ್ಟಿ ಹೊರಡಬೇಕು. ಕೆಲವು ಪಟ್ಟಿಗಳು ಬೆರಳಿನಷ್ಟು ಉದ್ದ ಮಾತ್ರ, ಏಕೆಂದರೆ ಮೊಟ್ಟೆಯನ್ನೇ ಇರುವೆ ಹೊತ್ತುಕೊಂಡು ಹೋಯಿತು. ಕೆಲವು ಗೇಣುದ್ದ, ಏಕೆಂದರೆ ಹುಳುವನ್ನು ಹಕ್ಕಿ ತಿಂದಿತು. ಒಂದೋ ಎರಡೋ ಪೂರ್ತಿ ಉದ್ದ. ಅರ್ಧ ಗಂಟೆಯಲ್ಲಿ ನೆಲವೆಲ್ಲ ಪಟ್ಟಿಗಳಿಂದ ತುಂಬಿತು. ಮಕ್ಕಳು ವೃತ್ತದ ಬಗ್ಗೆ ಆಮೇಲೆ ಗೊಂದಲ ಮಾಡಿಕೊಳ್ಳಲಿಲ್ಲ.

ಮಳೆಹನಿ

ಗಂಡು ಚಿಟ್ಟೆಯ ಪಟ್ಟಿಯ ತುದಿಗೆ ಏನನ್ನು ಅಂಟಿಸಿದಿರಿ ಎಂದು ತಿಳಿಯುವ ಆಸೆ ನನಗೆ.

ಹಳೆಯ ಕನ್ನಡಕ

ಮೊಮ್ಮಗನೂ ಅದನ್ನೇ ಕೇಳಿದ, ಮಳೆಹನಿ ಅವರೇ. ಮೊಟ್ಟೆ ಇಡಲು ಒಂದು ಚಿಟ್ಟೆ ಸಾಲದು, ಎರಡು ಬೇಕು ಎಂದು ಹೇಳಿ ಎರಡು ಪಟ್ಟಿಗಳ ತುದಿಯನ್ನು ಒಂದರ ಮೇಲೊಂದು ಇಟ್ಟೆವು. ಅವನಿಗೆ ಅಷ್ಟು ಸಾಕಾಯಿತು. ದುಂಡು ಹಾಳೆಯಲ್ಲಿ ಒಂಟಿ ಚಿಟ್ಟೆಯೇ ಎಲ್ಲವನ್ನೂ ನಿಭಾಯಿಸುತ್ತದೆ ಎಂಬುದನ್ನು ನಾನೂ ಅಂದೇ ಗಮನಿಸಿದ್ದು.

ಸಂಶಯಾತ್ಮ

ಪಟ್ಟಿಯ ಉಪಾಯ ಚೆನ್ನಾಗಿದೆ ಎಂದು ಒಪ್ಪುತ್ತೇನೆ, ಆದರೆ ನೀವು ಮಾಡಿದ್ದು ಏನೆಂದರೆ ನೆಲದ ತುಂಬ ಸತ್ತ ಹುಳುಗಳ ಪಟ್ಟಿ. ಬಣ್ಣದ ಚಿಟ್ಟೆಯನ್ನು ನೋಡಿ ಹಿಗ್ಗಬೇಕಾದ ಮಕ್ಕಳನ್ನು ಕೂರಿಸಿಕೊಂಡು ಇದು ಇರುವೆಯ ಪಾಲು, ಇದು ಹಕ್ಕಿಯ ಪಾಲು ಎಂದು ಲೆಕ್ಕ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಪೋಷಕರು ಬಂದು ಜಗಳವಾಡಿದರೆ ಉತ್ತರ ಕೊಡಬೇಕಾದವರು ಮೊದಲ ಬೆಂಚು ಅವರೇ ಹೊರತು ನಾವಲ್ಲ.

ಕೀಟಪ್ರಿಯ

ಹುಳು ಸಾಕಿ ನೋಡಿದವರಿಗೆ ಸಾವಿನ ವಿಷಯವನ್ನು ಎತ್ತಬೇಕೋ ಬೇಡವೋ ಎಂಬ ಆಯ್ಕೆಯೇ ಇರುವುದಿಲ್ಲ, ಅದು ತಾನಾಗಿ ಡಬ್ಬಿಯೊಳಗೆ ಬಂದು ಕೂರುತ್ತದೆ. ಒಂದು ಪ್ರಸಂಗ ಹೇಳುತ್ತೇನೆ.

ನಮ್ಮ ಮಕ್ಕಳ ಗುಂಪಿನಲ್ಲಿ ಒಮ್ಮೆ ಗಿಡದಿಂದ ನಾಲ್ಕು ಹುಳುಗಳನ್ನು ತಂದು ಇಟ್ಟಿದ್ದೆವು. ಮೂರು ಚೆನ್ನಾಗಿ ಮೇಯುತ್ತಿದ್ದವು, ನಾಲ್ಕನೆಯದು ಮಂಕಾಗಿ ಕುಳಿತಿತ್ತು. ಒಂದು ಬೆಳಗ್ಗೆ ನೋಡಿದರೆ ಅದರ ಮೈಯಿಂದ ಅಕ್ಕಿ ನುಚ್ಚಿನಂಥ ಪುಟ್ಟ ಮರಿಗಳು ಹೊರಬಂದು, ಪಕ್ಕದಲ್ಲೇ ಬಿಳಿಯ ರೇಷ್ಮೆಯ ಗೂಡುಗಳನ್ನು ಸುತ್ತಿಕೊಂಡಿದ್ದವು. ಪರಾವಲಂಬಿ ಕಣಜ ಹುಳುವಿನ ಮೈಯೊಳಗೇ ಮೊಟ್ಟೆ ಇಟ್ಟು ಹೋಗಿರುತ್ತದೆ. ಅದರ ಮರಿಗಳು ಹುಳುವನ್ನು ಒಳಗಿನಿಂದ ತಿಂದು ಬೆಳೆಯುತ್ತವೆ. ನಾನು ಡಬ್ಬಿಯನ್ನು ಮರೆಮಾಡಬೇಕೆಂದು ಎತ್ತಿಕೊಳ್ಳುವಷ್ಟರಲ್ಲಿ ಮಕ್ಕಳು ನೋಡಿಬಿಟ್ಟಿದ್ದರು.

ಒಬ್ಬ ಹುಡುಗ ಅತ್ತ ಎಂಬುದು ನಿಜ. ಆದರೆ ಹತ್ತು ನಿಮಿಷ ಕಳೆದ ಮೇಲೆ ಅವನೇ ಕೇಳಿದ ಪ್ರಶ್ನೆ, "ಕಣಜದ ಮರಿಗೂ ಹೀಗೆ ನಾಲ್ಕು ಹಂತ ಇರುತ್ತದೆಯೇ?" ಇರುತ್ತದೆ. ಕಣಜ, ಜೇನುನೊಣ, ಇರುವೆ, ದುಂಬಿ, ನೊಣ, ಸೊಳ್ಳೆ ಎಲ್ಲವೂ ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂಬ ಅದೇ ನಾಲ್ಕು ಹಂತಗಳನ್ನು ದಾಟುತ್ತವೆ. ಆದರೆ ಮಿಡತೆ, ಜಿರಳೆಗಳಂಥವುಗಳಲ್ಲಿ ಕೋಶದ ಹಂತವಿಲ್ಲ, ಮರಿಯೇ ದೊಡ್ಡದರಂತೆ ಕಂಡು ಪೊರೆ ಕಳಚುತ್ತ ಬೆಳೆಯುತ್ತದೆ. ಜೀವನಚಕ್ರ ಎಂಬುದು ಚಿಟ್ಟೆಯೊಂದರದ್ದೇ ಸೊತ್ತಲ್ಲ ಎಂಬ ಪಾಠವನ್ನು ನಾನು ಯೋಜಿಸಿದ್ದರೂ ಇಷ್ಟು ಚೆನ್ನಾಗಿ ಮಾಡಲಾಗುತ್ತಿರಲಿಲ್ಲ.

ಇಬ್ಬರ ತಾಯಿ

ಕೀಟಪ್ರಿಯ ಅವರೇ, ನಿಮ್ಮ ಉತ್ತರವನ್ನು ಊಟ ಮಾಡುತ್ತ ಓದಿದ್ದು ನನ್ನದೇ ತಪ್ಪು. ಆದರೂ ನನ್ನ ಮಗಳಿಗೆ ಓದಿ ಹೇಳಿದೆ. ಅವಳು ಬೆಳಗಿನಿಂದ ಕಣಜದ ಚಿತ್ರವನ್ನೇ ಬರೆಯುತ್ತಿದ್ದಾಳೆ.

ಪದಬೇಟೆ

ಎಲ್ಲರೂ ಚಿತ್ರದ ಬಗ್ಗೆ ಮಾತನಾಡುತ್ತಿದ್ದೀರಿ, ಪದಗಳ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಮಕ್ಕಳ ಗೊಂದಲಕ್ಕೆ ನಮ್ಮ ಮಾತುಗಳ ಕೊಡುಗೆಯೂ ಸಾಕಷ್ಟಿದೆ ಎಂದು ನನ್ನ ವಾದ.

ಮೊದಲನೆಯದು ಕಂಬಳಿಹುಳು. ಕಂಬಳಿಯಂತೆ ಮೈತುಂಬ ಕೂದಲಿರುವ ಹುಳುವಿಗೆ ಆ ಹೆಸರು ಒಪ್ಪುತ್ತದೆ, ಆದರೆ ಅಂಥವುಗಳಲ್ಲಿ ಹೆಚ್ಚಿನವು ಪತಂಗದ ಮರಿಗಳು. ನಿಂಬೆ ಗಿಡದ ಮೇಲೆ ಸಿಗುವ ಚಿಟ್ಟೆಯ ಹುಳು ನುಣ್ಣಗೆ, ಹಸಿರಾಗಿ ಇರುತ್ತದೆ. "ಕಂಬಳಿಹುಳುವೇ ಚಿಟ್ಟೆಯಾಗುತ್ತದೆ" ಎಂದು ಕಲಿಸಿಬಿಟ್ಟರೆ ಮಗು ಕೂದಲಿನ ಹುಳುವನ್ನು ಹುಡುಕಿಕೊಂಡು ಹೋಗಿ ಮುಟ್ಟುತ್ತದೆ. ಕೈ ತುರಿಸಿಕೊಂಡು ಅಳುತ್ತ ಬರುತ್ತದೆ. ಕೂದಲಿನ ಹುಳುಗಳನ್ನು ಮುಟ್ಟಬಾರದು ಎಂಬುದನ್ನು ಪಾಠದ ಮೊದಲ ಸಾಲಿನಲ್ಲೇ ಹೇಳಬೇಕು. ಮರಿಹುಳು ಎಂಬ ಸರಳವಾದ ಪದ ಇರುವಾಗ ಕಂಬಳಿಯ ಹಂಗು ಏಕೆ?

ಎರಡನೆಯದು ಇನ್ನೂ ಮುಖ್ಯ: ಗೂಡು. "ಹುಳು ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತದೆ" ಎಂದು ನಾವು ಹೇಳುತ್ತೇವೆ. ರೇಷ್ಮೆಹುಳು ಗೂಡು ಕಟ್ಟುತ್ತದೆ, ನಿಜ, ಆದರೆ ಅದು ಪತಂಗ. ಚಿಟ್ಟೆಯ ಹುಳು ಸಾಮಾನ್ಯವಾಗಿ ಏನನ್ನೂ ಕಟ್ಟುವುದಿಲ್ಲ. ಅದು ಕೊನೆಯ ಬಾರಿ ಪೊರೆ ಕಳಚಿದಾಗ ಒಳಗಿನಿಂದ ಕಾಣಿಸಿಕೊಳ್ಳುವುದೇ ಕೋಶ. ಕೋಶ ಎಂಬುದು ಹುಳು ಹೊಕ್ಕ ಮನೆಯಲ್ಲ, ಅದು ಆ ಜೀವಿಯ ಮೈಯೇ. ಹುಳು ಮನೆಯೊಳಗೆ ಹೋಯಿತು, ಚಿಟ್ಟೆ ಹೊರಗೆ ಬಂದಿತು ಎಂದು ಹೇಳಿದರೆ, ಒಳಗೆ ಮೊದಲೇ ಒಂದು ಚಿಟ್ಟೆ ಕಾದು ಕುಳಿತಿತ್ತು ಎಂದು ಮಗು ಭಾವಿಸುವುದರಲ್ಲಿ ಆಶ್ಚರ್ಯವೇನಿದೆ?

ಮಳೆಹನಿ

ಪದಬೇಟೆ ಅವರ ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. ಬಳಕೆಯಲ್ಲಿ ಕಂಬಳಿಹುಳು ಎಂಬ ಪದ ಕೂದಲಿರುವ, ಇಲ್ಲದಿರುವ ಎಲ್ಲ ಹುಳುಗಳಿಗೂ ಹಬ್ಬಿಹೋಗಿದೆ. ಮಗುವಿಗೆ ಮನೆಯಲ್ಲಿ ಗೊತ್ತಿರುವ ಪದವನ್ನು ತರಗತಿಯಲ್ಲಿ ಕಿತ್ತುಕೊಂಡರೆ ಅದು ಹುಳುವನ್ನು ಬಿಟ್ಟು ಪದದ ಬಗ್ಗೆಯೇ ಯೋಚಿಸುತ್ತ ಕೂರುತ್ತದೆ. ಇನ್ನು ಮರಿಹುಳು ಎಂದರೆ ನನ್ನ ಮಗನಿಗೆ ಎರೆಹುಳುವಿನ ಮರಿ ನೆನಪಾಯಿತು, ಅದಕ್ಕೇನು ಹೇಳುತ್ತೀರಿ?

ಪದಬೇಟೆ

ಎರೆಹುಳುವಿಗೆ ಕಾಲಿಲ್ಲ ಎಂದು ಹೇಳುತ್ತೇನೆ. ಚಿಟ್ಟೆಯ ಹುಳುವಿಗೆ ಮುಂದೆ 3 ಜೊತೆ ನಿಜವಾದ ಕಾಲುಗಳು, ಹಿಂದೆ ಸಾಮಾನ್ಯವಾಗಿ 5 ಜೊತೆ ಮೆತ್ತನೆಯ ಹುಸಿಗಾಲುಗಳು. ಚಿಟ್ಟೆಗೆ ಉಳಿಯುವುದು ಆ ಮುಂದಿನ ಆರೇ. ಮಕ್ಕಳಿಗೆ ಎಣಿಸುವುದೆಂದರೆ ಇಷ್ಟ. ಎಣಿಸಲು ಕೊಟ್ಟರೆ ಪದದ ಜಗಳ ತಾನಾಗಿ ಬಗೆಹರಿಯುತ್ತದೆ.

ಹಳೆಯ ಕನ್ನಡಕ

ಪದಗಳ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ಅಲುಗಾಡದೆ ಕೂರುವುದನ್ನು ರೇಷ್ಮೆ ಸಾಕುವವರು "ಜ್ವರಕ್ಕೆ ಕೂತಿದೆ" ಎನ್ನುತ್ತಾರೆ, ಮೇವು ಮುಗಿಸಿ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು "ಹಣ್ಣಾಯಿತು" ಎನ್ನುತ್ತಾರೆ. ಪಠ್ಯಪುಸ್ತಕದ ಯಾವ ಪಾರಿಭಾಷಿಕ ಪದಕ್ಕಿಂತಲೂ ಇವೆರಡು ಮಕ್ಕಳ ಮನಸ್ಸಿಗೆ ಬೇಗ ಹತ್ತುತ್ತವೆ. ಜ್ವರ ಬಂದವರನ್ನು ಮುಟ್ಟಿ ಎಬ್ಬಿಸಬಾರದು ಎಂದು ಅವರಿಗೆ ಬೇರೆ ಹೇಳಿಕೊಡಬೇಕಾಗಿಯೂ ಇಲ್ಲ.

ಸದಾಶಯ

ಇಷ್ಟೆಲ್ಲ ವಿಜ್ಞಾನದ ನಡುವೆ ಚಿಟ್ಟೆ ಕಲಿಸುವ ಜೀವನಪಾಠವನ್ನು ಮರೆಯಬಾರದು. ಒಬ್ಬ ಮನುಷ್ಯ ಕೋಶದಿಂದ ಹೊರಬರಲು ಗಂಟೆಗಟ್ಟಲೆ ಹೆಣಗುತ್ತಿದ್ದ ಚಿಟ್ಟೆಯನ್ನು ಕಂಡು, ಕನಿಕರದಿಂದ ಕತ್ತರಿ ತಂದು ಕೋಶವನ್ನು ಬಿಡಿಸಿದನಂತೆ. ಚಿಟ್ಟೆ ಹೊರಗೆ ಬಂದಿತು, ಆದರೆ ಅದರ ರೆಕ್ಕೆಗಳು ಕೊನೆಯವರೆಗೂ ಬಿಚ್ಚಿಕೊಳ್ಳಲಿಲ್ಲ. ಹೆಣಗಾಟವೇ ರೆಕ್ಕೆಗೆ ಬಲ ಕೊಡುತ್ತದೆ ಎಂಬುದನ್ನು ಮಕ್ಕಳಿಗೆ ಈ ಕಥೆಯ ಮೂಲಕ ಹೇಳಬಹುದು. ಹಾಗೆಯೇ ಕುರೂಪಿಯಾದ ಹುಳು ತಾಳ್ಮೆಯಿಂದ ಸುಂದರ ಚಿಟ್ಟೆಯಾಯಿತು ಎಂಬ ಮಾತನ್ನೂ ಹೇಳಬಹುದು.

ಕೀಟಪ್ರಿಯ

ಸದಾಶಯ ಅವರ ಮೇಲೆ ನನಗೆ ಸಿಟ್ಟಿಲ್ಲ, ಈ ಕಥೆಯ ಮೇಲೆ ಇದೆ. ಆರೋಗ್ಯವಂತ ಚಿಟ್ಟೆ ಕೋಶವನ್ನು ಸೀಳಿಕೊಂಡು ಹೊರಬರಲು ಸಾಮಾನ್ಯವಾಗಿ ಕೆಲವು ನಿಮಿಷ ಸಾಕು. ಕಣ್ಣು ಮಿಟುಕಿಸಿ ಅತ್ತ ತಿರುಗಿದರೆ ತಪ್ಪಿಸಿಕೊಳ್ಳುತ್ತೀರಿ. ಗಂಟೆಗಟ್ಟಲೆ ಸಿಕ್ಕಿಕೊಂಡಿದೆ ಎಂದರೆ ಅದು ರೋಗದಿಂದಲೋ ಕೋಶ ಒಣಗಿದ್ದರಿಂದಲೋ ಕಷ್ಟದಲ್ಲಿದೆ ಎಂದೇ ಬಹುಮಟ್ಟಿಗೆ ಅರ್ಥ. ಹೊರಬಂದ ಮೇಲಿನ ಕೆಲಸವೇ ದೊಡ್ಡದು. ಮುದುಡಿದ ಒದ್ದೆ ರೆಕ್ಕೆಗಳನ್ನು ಕೆಳಮುಖವಾಗಿ ಇಳಿಬಿಟ್ಟು, ಮೈಯಲ್ಲಿರುವ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತಿ ಅವನ್ನು ಅಗಲಿಸಬೇಕು. ಆಮೇಲೆ ಅವು ಗಟ್ಟಿಯಾಗುವವರೆಗೆ ಒಂದೆರಡು ಗಂಟೆಯಾದರೂ ನೇತಾಡುತ್ತಿರಬೇಕು. ಆ ಹೊತ್ತಿನಲ್ಲಿ ಕಾಲಿಗೆ ಹಿಡಿತ ಸಿಗದೆ ಕೆಳಗೆ ಬಿದ್ದರೆ ರೆಕ್ಕೆ ಸೊಟ್ಟಗಾಗಿ ಉಳಿಯುತ್ತದೆ. ಮಕ್ಕಳಿಗೆ ಹೇಳಬೇಕಾದದ್ದು "ಆಗ ಮುಟ್ಟಬೇಡಿ, ಹಿಡಿದುಕೊಳ್ಳಲು ಒರಟಾದ ಕಡ್ಡಿ ಇಡಿ" ಎಂಬುದನ್ನು.

ಇನ್ನೊಂದು ಎಚ್ಚರಿಕೆ. ಹೊರಬಂದ ಚಿಟ್ಟೆ ಕೆಂಪಗಿನ ಅಥವಾ ಕಂದು ಬಣ್ಣದ ಹನಿಗಳನ್ನು ಹೊರಹಾಕುತ್ತದೆ. ಅದು ಕೋಶದಲ್ಲಿದ್ದಾಗ ಶೇಖರವಾದ ಕಲ್ಮಶ, ರಕ್ತವಲ್ಲ. ಮುಂಚೆಯೇ ಹೇಳಿರದಿದ್ದರೆ ತರಗತಿಯಲ್ಲಿ ಚೀರಾಟ ಖಚಿತ.

ಕುರೂಪಿ ಹುಳು ಎಂಬ ಮಾತಿಗೂ ನನ್ನ ಆಕ್ಷೇಪವಿದೆ. ಹುಳು ಎಂದರೆ ಅರೆಬರೆ ಚಿಟ್ಟೆಯಲ್ಲ. ತಿಂದು ಬೆಳೆಯುವುದು ಹುಳುವಿನ ಕೆಲಸ, ಜೊತೆಗಾರನನ್ನು ಹುಡುಕಿ ಮೊಟ್ಟೆಯಿಡುವುದು ಚಿಟ್ಟೆಯ ಕೆಲಸ. ಮೊನಾರ್ಕ್ ಚಿಟ್ಟೆಯ ಹುಳು ಮೊಟ್ಟೆಯಿಂದ ಬಂದ ಎರಡು ವಾರಗಳ ಆಸುಪಾಸಿನಲ್ಲಿ ಸುಮಾರು 2000 ಪಟ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ. 3 ಕಿಲೋ ತೂಕದ ಕೂಸೊಂದು ಅದೇ ವೇಗದಲ್ಲಿ ಬೆಳೆದರೆ 6000 ಕಿಲೋ, ಅಂದರೆ ದೊಡ್ಡ ಆನೆಯ ತೂಕ. ಇದನ್ನು ಹೇಳಿದ ದಿನ ನಮ್ಮ ಗುಂಪಿನಲ್ಲಿ ಯಾವ ಮಗುವೂ ಹುಳುವನ್ನು ಕುರೂಪಿ ಎನ್ನಲಿಲ್ಲ.

ಸದಾಶಯ

ಕಥೆಯನ್ನು ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ, ಆದರೆ ಆನೆಯ ಲೆಕ್ಕ ನನ್ನ ಕಥೆಗಿಂತ ಚೆನ್ನಾಗಿದೆ.

ಮೊದಲ ಬೆಂಚು

ಎಲ್ಲರಿಗೂ ವಂದನೆಗಳು. ಹುಳು ತರಬೇಕೆಂದು ನಿರ್ಧರಿಸಿದ್ದೇನೆ. ನಾನು ಈವರೆಗೆ ಒಂದು ಹುಳುವನ್ನೂ ಸಾಕಿದವಳಲ್ಲ. ಗಾಜಿನ ಶೀಶೆ, ಮುಚ್ಚಳಕ್ಕೆ ತೂತು, ಒಂದು ಹಿಡಿ ಎಲೆ, ಇಷ್ಟು ಸಾಕೇ?

ಕೀಟಪ್ರಿಯ

ಸಾಲದು, ಮತ್ತು ಶೀಶೆ ಬೇಡ. ಗಾಳಿಯಾಡದ ಕಡೆ ತೇವ ಕಟ್ಟಿಕೊಂಡು ಹಿಕ್ಕೆಗೆ ಬೂಷ್ಟು ಹಿಡಿಯುತ್ತದೆ, ಹುಳುವಿಗೆ ರೋಗ ಬರುತ್ತದೆ. ಅಗಲವಾದ ಡಬ್ಬಿಯ ಬಾಯಿಗೆ ಸೊಳ್ಳೆಪರದೆಯಂಥ ಬಟ್ಟೆಯನ್ನು ಬಿಗಿದು ಕಟ್ಟಿ. ಒಳಗೆ ನೀರು ತುಂಬಿದ ಸಣ್ಣ ಸೀಸೆಯಲ್ಲಿ ಎಲೆಯ ರೆಂಬೆಯನ್ನು ನಿಲ್ಲಿಸಿದರೆ ಎಲೆ ಬಾಡುವುದಿಲ್ಲ. ಆದರೆ ಸೀಸೆಯ ಬಾಯಿಗೆ ಹತ್ತಿಯನ್ನು ತುರುಕಲೇಬೇಕು. ಇಲ್ಲದಿದ್ದರೆ ಹುಳು ಕಾಂಡದ ಗುಂಟ ಇಳಿದು ನೀರಿನಲ್ಲಿ ಮುಳುಗುತ್ತದೆ. ಹೊಸಬರು ಹುಳುವನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ.

ಹುಳುವನ್ನು ಯಾವ ಗಿಡದಲ್ಲಿ ಕಂಡಿರೋ ಅದೇ ಗಿಡದ ಎಲೆ ಕೊಡಿ. ಬೇರೆ ಎಲೆ ಕೊಟ್ಟರೆ ಬಹುತೇಕ ಹುಳುಗಳು ಹಸಿದು ಸಾಯುತ್ತವೆಯೇ ಹೊರತು ತಿನ್ನುವುದಿಲ್ಲ. ಎಲೆಗೆ ಕೀಟನಾಶಕ ಬಿದ್ದಿರಬಾರದು. ಹಿಕ್ಕೆಯನ್ನು ದಿನವೂ ತೆಗೆಯಿರಿ. ಅದನ್ನು ಎಣಿಸುವ ಕೆಲಸಕ್ಕೆ ಮಕ್ಕಳು ಸರದಿ ನಿಲ್ಲುತ್ತಾರೆ ಎಂದು ಈಗಲೇ ಹೇಳಿಬಿಡುತ್ತೇನೆ. ಎತ್ತಿ ಇಡಬೇಕಾದರೆ ಬೆರಳು ಬೇಡ, ಮೆತ್ತನೆಯ ಬಣ್ಣದ ಕುಂಚ ಸಾಕು. ಡಬ್ಬಿಯನ್ನು ನೇರ ಬಿಸಿಲಿಗೆ ಇಡಬಾರದು. ಮುಟ್ಟಿದ ಮೇಲೆ ಕೈ ತೊಳೆಯಬೇಕು.

ನಿಂಬೆಯ ಜಾತಿಯ ಗಿಡದಲ್ಲಿ ಸಿಗುವ ನಿಂಬೆ ಚಿಟ್ಟೆಯ ಹುಳು ಮಕ್ಕಳಿಗೆ ಹೇಳಿಮಾಡಿಸಿದಂಥದ್ದು. ಎಳೆಯದಿದ್ದಾಗ ಕಪ್ಪು ಬಿಳುಪಾಗಿ ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ, ಕೊನೆಯ ಹಂತದಲ್ಲಿ ಎಲೆಹಸಿರಿಗೆ ತಿರುಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥ ಅಂಗವನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು.

ಹಳೆಯ ಕನ್ನಡಕ

ಆ ಗಿಡದ ಮಾತು ಬಹಳ ಮುಖ್ಯ. ನಮ್ಮ ದುಂಡು ಹಾಳೆಯಲ್ಲಿ ಗಿಡವೇ ಇರುವುದಿಲ್ಲ, ಇದ್ದರೂ ಹೆಸರಿಲ್ಲದ ಒಂದು ಎಲೆ. 17ನೇ ಶತಮಾನದಲ್ಲಿ ಮರಿಯಾ ಸಿಬಿಲಾ ಮೇರಿಯನ್ ಎಂಬಾಕೆ ಹದಿಮೂರರ ವಯಸ್ಸಿನಲ್ಲಿ ರೇಷ್ಮೆಹುಳು ಸಾಕಲು ಆರಂಭಿಸಿ, 1679ರಲ್ಲಿ ಹುಳುಗಳ ಬಗ್ಗೆ ಸಚಿತ್ರ ಪುಸ್ತಕ ಪ್ರಕಟಿಸಿದಳು. 1699ರಲ್ಲಿ ಮಗಳನ್ನು ಕರೆದುಕೊಂಡು ಹಡಗಿನಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ ಅಲ್ಲಿನ ಕೀಟಗಳನ್ನೂ ಸಾಕಿ ಬರೆದಳು. ಅವಳ ಚಿತ್ರಗಳಲ್ಲಿ ಹುಳು, ಕೋಶ, ಚಿಟ್ಟೆ ಎಲ್ಲವೂ ಅವು ತಿನ್ನುವ ಗಿಡದ ಮೇಲೆಯೇ ಇರುತ್ತವೆ. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿ ಹುಟ್ಟುತ್ತವೆ ಎಂದು ವಿದ್ವಾಂಸರೂ ನಂಬುತ್ತಿದ್ದ ಕಾಲ ಅದು. ಐದು ವರ್ಷದ ಮಗು ತಪ್ಪು ತಿಳಿದರೆ ನಾವು ಇಷ್ಟು ಕಳವಳಪಡುತ್ತೇವಲ್ಲ!

ಇಬ್ಬರ ತಾಯಿ

ಒಂದು ಕಹಿ ಅನುಭವ ಹೇಳುತ್ತೇನೆ. ನನ್ನ ಮಗಳು ಹಿಂದೆ ಹೋಗುತ್ತಿದ್ದ ಶಾಲೆಯಲ್ಲಿ ಹುಳುಗಳನ್ನು ತಂದು, ಮೂರು ದಿನ ರಜೆ ಬಂದಾಗ ಡಬ್ಬಿಯನ್ನು ಕಿಟಕಿಯ ಬಿಸಿಲಿನಲ್ಲೇ ಬಿಟ್ಟುಹೋಗಿದ್ದರು. ಮರಳಿ ಬಂದ ಮಕ್ಕಳಿಗೆ "ಹುಳುಗಳು ಹಾರಿಹೋದವು" ಎಂದು ಹೇಳಿದರಂತೆ. ಹುಳುವಿಗೆ ರೆಕ್ಕೆ ಇಲ್ಲ ಎಂದು ಅದೇ ವಾರ ಕಲಿತಿದ್ದ ನನ್ನ ಮಗಳು ಮನೆಗೆ ಬಂದು, "ಟೀಚರ್ ಸುಳ್ಳು ಹೇಳಿದರು" ಎಂದಳು. ಸಾವಿಗಿಂತ ಅವಳಿಗೆ ನೋವಾದದ್ದು ಅದು. ಮೊದಲ ಬೆಂಚು ಅವರೇ, ರಜೆಯಲ್ಲಿ ಯಾರ ಮನೆಗೆ ಡಬ್ಬಿ ಹೋಗುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ನಸುಕು

ಈ ಚರ್ಚೆಯನ್ನು ಓದುತ್ತಿದ್ದ ನನ್ನ ಆರು ವರ್ಷದ ಮಗನ ಪ್ರಶ್ನೆ: ಚಿಟ್ಟೆಗೆ ತಾನು ಹುಳುವಾಗಿದ್ದದ್ದು ನೆನಪಿರುತ್ತದೆಯೇ? ಕೋಶದೊಳಗೆ ಹುಳು ಕರಗಿ ಗಂಜಿಯಂತಾಗುತ್ತದೆ ಎಂದು ನಾನು ಹೇಳಿದ್ದೆ. ಗಂಜಿಗೆ ನೆನಪಿರುವುದು ಹೇಗೆ ಎಂದು ಅವನ ತಕರಾರು.

ಕೀಟಪ್ರಿಯ

ನಿಮ್ಮ ಮಗನ ತಕರಾರನ್ನು ವಿಜ್ಞಾನಿಗಳೂ ಎತ್ತಿಕೊಂಡಿದ್ದಾರೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತಂಬಾಕಿನ ಗಿಡ ತಿನ್ನುವ ಪತಂಗದ ಹುಳುಗಳಿಗೆ ಒಂದು ವಾಸನೆಯ ಜೊತೆಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಆ ವಾಸನೆಯಿಂದ ದೂರ ಸರಿಯುವುದನ್ನು ಕಲಿಸಿದರು. ಕೊನೆಯ ಹಂತದಲ್ಲಿ ಹೀಗೆ ಕಲಿತ ಹುಳುಗಳು ಪತಂಗವಾದ ಮೇಲೆಯೂ ಆ ವಾಸನೆಯನ್ನು ದೂರವಿಟ್ಟವು. ಇನ್ನೂ ಎಳೆಯ ಹಂತದಲ್ಲಿ ಕಲಿತವು ಪತಂಗವಾದಾಗ ಮರೆತಿದ್ದವು. ಅದು ಪತಂಗ, ಚಿಟ್ಟೆಯಲ್ಲ, ಮತ್ತು ನೆನಪಾದದ್ದು ಒಂದು ವಾಸನೆ, ಬಾಲ್ಯದ ದಿನಗಳಲ್ಲ. ಆದರೂ ಅವನ ಪ್ರಶ್ನೆಗೆ "ಸ್ವಲ್ಪ ಇರಬಹುದು" ಎಂದು ಧೈರ್ಯವಾಗಿ ಹೇಳಿ.

ಗಂಜಿಯ ಮಾತು ಅರ್ಧ ಸತ್ಯ. ಹುಳುವಿನ ಸ್ನಾಯುಗಳಂಥ ಅನೇಕ ಅಂಗಾಂಶಗಳು ಒಡೆದುಹೋಗುವುದು ನಿಜ, ಆದರೆ ಎಲ್ಲವೂ ಅಲ್ಲ. 2013ರಲ್ಲಿ ಹುಳು ಚಿಟ್ಟೆಯಾಗುತ್ತಿದ್ದ ಜೀವಂತ ಕೋಶಗಳನ್ನು ಕ್ಷ-ಕಿರಣದ ಮೂಲಕ ದಿನದಿನಕ್ಕೆ ಚಿತ್ರಿಸಿದಾಗ ಉಸಿರಾಟದ ನಾಳಗಳು ಆರಂಭದ ದಿನಗಳಲ್ಲೇ ಸ್ಪಷ್ಟವಾಗಿ ಕಂಡವು. ರೆಕ್ಕೆ, ಕಾಲು, ಕಣ್ಣುಗಳಾಗಬೇಕಾದ ಪುಟ್ಟ ಮೊಗ್ಗುಗಳಂತೂ ಹುಳುವಿನ ಮೈಯಲ್ಲಿ ಮೊದಲೇ ಇರುತ್ತವೆ. ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್ 17ನೇ ಶತಮಾನದಲ್ಲೇ ಹುಳುವನ್ನು ಸೀಳಿ ಒಳಗಿನ ರೆಕ್ಕೆಯ ಕುರುಹುಗಳನ್ನು ತೋರಿಸಿದ್ದ.

ನಸುಕು

ಓದಿ ಹೇಳಿದೆ. "ಹಾಗಾದರೆ ಅದು ಗಂಜಿಯಲ್ಲ, ಮೊಳಕೆಕಾಳು" ಎಂದು ತೀರ್ಮಾನಿಸಿದ್ದಾನೆ.

ಮೊದಲ ಬೆಂಚು

ಮೂರು ವಾರಗಳ ನಂತರ ಮತ್ತೆ ಬಂದಿದ್ದೇನೆ. ನಿಂಬೆ ಗಿಡದಿಂದ ಎರಡು ಹುಳುಗಳನ್ನು ತಂದಿದ್ದೆ. ಹಿಕ್ಕೆ ಎಣಿಸುವ ಸರದಿಗೆ ನಿಜವಾಗಿಯೂ ಜಗಳವಾಯಿತು, ಕೀಟಪ್ರಿಯ ಅವರೇ. ಒಂದು ಹುಳು ಎರಡು ದಿನ ಅಲುಗಾಡದೆ ಕುಳಿತಾಗ "ಜ್ವರ ಬಂದಿದೆ" ಎಂದು ಮಕ್ಕಳೇ ಡಬ್ಬಿಯ ಮೇಲೆ ಚೀಟಿ ಅಂಟಿಸಿದರು.

ಒಂದು ಹುಳು ಹಸಿರು ರೆಂಬೆಯ ಮೇಲೆ ಸೊಂಟಕ್ಕೆ ರೇಷ್ಮೆಯ ನೂಲು ಕಟ್ಟಿಕೊಂಡು ಹಸಿರು ಕೋಶವಾಯಿತು. ಇನ್ನೊಂದು ಹಣ್ಣಾದ ದಿನ ನನ್ನ ಅಜಾಗರೂಕತೆಯಿಂದ ಬಟ್ಟೆಯ ಸಂದಿಯಲ್ಲಿ ತಪ್ಪಿಸಿಕೊಂಡಿತು. ಮೂರು ದಿನ ತರಗತಿಯೆಲ್ಲ ಹುಡುಕಿದೆವು. ಕೊನೆಗೆ ಹಿಂದಿನ ಬೆಂಚಿನ ಹಲಗೆಯ ಅಡಿಯಲ್ಲಿ ಸಿಕ್ಕಿತು, ಆದರೆ ಹುಳುವಾಗಿ ಅಲ್ಲ. ಮರದ ಬಣ್ಣದ್ದೇ ಕಂದು ಕೋಶವಾಗಿ. ಒಂದು ಹಸಿರು, ಒಂದು ಕಂದು ಏಕೆ ಎಂಬ ಚರ್ಚೆಯಲ್ಲಿ ಒಂದು ಪೂರ್ತಿ ದಿನ ಹೋಯಿತು. ಸುತ್ತಲಿನ ನೆಲೆಗೆ ತಕ್ಕಂತೆ ಕೋಶದ ಬಣ್ಣ ಬದಲಾಗುತ್ತದೆ ಎಂದು ನಾನು ಓದಿಕೊಂಡು ಬಂದು ಹೇಳುವ ಮೊದಲೇ ಒಬ್ಬ ಹುಡುಗ, "ಹಕ್ಕಿಗೆ ಕಾಣಬಾರದೆಂದು" ಎಂದುಬಿಟ್ಟಿದ್ದ.

ಹಸಿರು ಕೋಶದ ಚಿಟ್ಟೆ ಬೆಳಗ್ಗೆ ಹಾಜರಿ ಕರೆಯುವ ಹೊತ್ತಿಗೆ ಹೊರಬಂದಿತು. ಎಲ್ಲರೂ ನೋಡಿದರು, ಕೆಂಪು ಹನಿಗಳಿಗೆ ಯಾರೂ ಚೀರಲಿಲ್ಲ, ಮಧ್ಯಾಹ್ನ ಹೊರಗೆ ಬಿಟ್ಟೆವು. ಬೆಂಚಿನ ಅಡಿಯದ್ದು ಮಾತ್ರ ಭಾನುವಾರ ಯಾರೂ ಇಲ್ಲದಾಗ ಹೊರಬಂದು, ತೆರೆದಿದ್ದ ಕಿಟಕಿಯಿಂದ ಹೋಗಿಬಿಟ್ಟಿತ್ತು. ಸೋಮವಾರ ಖಾಲಿ ಪೊರೆ ಮಾತ್ರ ಉಳಿದಿತ್ತು.

ಕಾಗದದ ಪಟ್ಟಿಗಳನ್ನು ಅದೇ ದಿನ ಮಾಡಿಸಿದೆ. ಆ ಹುಡುಗಿ ಬೆಂಚಿನ ಹುಳುವಿನ ಪಟ್ಟಿಯನ್ನು ತೆಗೆದುಕೊಂಡು ಮೊಟ್ಟೆ, ಹುಳು, ಕೋಶ ಬರೆದು, ಖಾಲಿ ಪೊರೆಯನ್ನು ನಿಜವಾಗಿಯೇ ಅಂಟಿಸಿ, ಮುಂದಿನ ಜಾಗವನ್ನು ಬಿಟ್ಟಳು. ಏಕೆ ಎಂದು ಕೇಳಿದೆ. "ಈ ಚಿಟ್ಟೆ ಎಲ್ಲಿಗೆ ಹೋಯಿತು ಎಂದು ನಿಮಗೂ ಗೊತ್ತಿಲ್ಲವಲ್ಲ, ಟೀಚರ್" ಎಂದಳು. ಅವಳ ಪಟ್ಟಿ ಗೋಡೆ ಮುಗಿಯುವವರೆಗೂ ಖಾಲಿಯಾಗಿ ಹೋಗಿದೆ.

ಇಬ್ಬರ ತಾಯಿ

ಆ ಪಟ್ಟಿಯನ್ನು ವರ್ಷ ಮುಗಿದರೂ ತೆಗೆಯಬೇಡಿ.

ಸಂಶಯಾತ್ಮ

ನನ್ನ ಅಭಿಪ್ರಾಯವನ್ನು ಪೂರ್ತಿ ಬದಲಿಸಿದ್ದೇನೆ ಎಂದು ಯಾರೂ ಭಾವಿಸಬೇಡಿ, ಕೆಲವು ಆಕ್ಷೇಪಗಳು ಇನ್ನೂ ಇವೆ. ಸದ್ಯಕ್ಕೆ ಒಂದು ಬೇರೆ ವಿಷಯ. ಮನೆಯ ಕುಂಡದಲ್ಲಿರುವ ನಿಂಬೆ ಗಿಡದ ಎಲೆಯೊಂದರ ಮೇಲೆ ಕಪ್ಪು ಬಿಳುಪಿನ ಏನೋ ಒಂದು ಕುಳಿತಿದೆ. ನನ್ನ ಮಗಳು ಅರ್ಧ ಗಂಟೆಯಿಂದ ಅದನ್ನೇ ನೋಡುತ್ತಿದ್ದಾಳೆ. ಅದು ಹುಳುವೋ, ನಿಜವಾಗಿಯೂ ಹಕ್ಕಿಯ ಹಿಕ್ಕೆಯೋ ಎಂದು ತಿಳಿಯುವುದು ಹೇಗೆ?

ಕೀಟಪ್ರಿಯ

ಎಲೆಯ ಅಂಚು ಕಚ್ಚಿದಂತೆ ಇದೆಯೇ ನೋಡಿ. ಇಲ್ಲದಿದ್ದರೆ ನಾಳೆ ಬೆಳಗ್ಗೆ ಮತ್ತೊಮ್ಮೆ ನೋಡಿ, ದಪ್ಪಗಾಗಿದ್ದರೆ ಹುಳು.

ಸಂಶಯಾತ್ಮ

ಅಂಚು ಕಚ್ಚಿದಂತೆಯೇ ಇದೆ. ಸೀಸೆಯ ಬಾಯಿಗೆ ಹತ್ತಿ ಎಷ್ಟು ತುರುಕಬೇಕು?